ಮಂಕು ಹೆಡ್‌ಲೈಟಿಗೋ, ನನ್ನ ಕಣ್ಣಿಗೋ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಸೌಟು, ಜಾಲರಿ, ಇಕ್ಕಳಗಳ ಸಾಲಿನಲ್ಲೇ ಒಂದು ಕಪ್ಪು ವೈರೂ ನೇತಾಡುತ್ತದೆ. ಎರಡೂ ತುದಿಗೆ ಹಲ್ಲಿರುವ ಕ್ಲಿಪ್ಪು. ಮನೆಗೆ ಬಂದ ಹೆಂಗಸರು ಅದನ್ನು ಕಂಡು "ಇದು ಏನ್ ಮಾಡಾಕರಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತೇನೆ. ಶಾವಿಗೆ ಒಣಹಾಕಲು ಎಂದು ಹೇಳಿದ್ದೂ ಉಂಟು, ನಂಬಿ ತಲೆಯಾಡಿಸಿ ಹೋದವರೂ ಉಂಟು. ನೀವು ಹಳೆಯ ಪರಿಚಯದವರು, ನಿಮಗೆ ಸುಳ್ಳು ಹೇಳಲಾರೆ. ಅದು ನನ್ನ ಮೋಟಾರ್‌ಸೈಕಲ್ಲಿನ ದೀಪದ ರೋಗ ಹಿಡಿದುಕೊಟ್ಟ ವೈರು.

ಹೌದು, ಮೋಟಾರ್‌ಸೈಕಲ್ಲು ನನ್ನದೇ. ಸ್ಕೂಟಿಯಲ್ಲ, ಗೇರು ಹಾಕಿ ಓಡಿಸುವ ಗಾಡಿ. ಅರವತ್ತು ದಾಟಿದ ಹೆಂಗಸು ಚೂಡಿದಾರ ತೊಟ್ಟು, ಹೆಲ್ಮೆಟ್ಟಿನ ಕೆಳಗೆ ನರೆತ ಜಡೆ ಇಳಿಬಿಟ್ಟು ಇಂಥ ಗಾಡಿ ಓಡಿಸಿದರೆ ಹೈದರಾಬಾದಿನಂಥ ಊರೂ ಒಮ್ಮೆ ತಿರುಗಿ ನೋಡುತ್ತದೆ. ನೋಡಲಿ. ನೋಡುವವರು ನೋಡುತ್ತಿರುವಾಗ ನಾನು ಮುಂದಿನ ಸಿಗ್ನಲ್ಲು ದಾಟಿರುತ್ತೇನೆ.

ನಮ್ಮ ಮನೆಯವರು, ಬಸವರಾಜರು, ಹಿಂದಿನ ಸೀಟಿನವರು. ಅವರಿಗೆ ಗಾಡಿ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಯ ಮೆರವಣಿಗೆಯಲ್ಲಿ ಕೂತಷ್ಟು ನೆಮ್ಮದಿಯಿಂದ ಕೂರುತ್ತಾರೆ. ಒಮ್ಮೆ ಟ್ರಾಫಿಕ್ ಪೊಲೀಸನೊಬ್ಬ ನಮ್ಮನ್ನು ನಿಲ್ಲಿಸಿ, ಗಾಡಿಯ ಹ್ಯಾಂಡಲ್ಲು ಹಿಡಿದು ಕೂತ ನನ್ನನ್ನು ಬಿಟ್ಟು, ಹಿಂದೆ ಇಣುಕಿ "ಲೈಸೆನ್ಸ್ ಚೂಪಿಂಚಂಡಿ ಸಾರ್" ಎಂದ. ಇವರು ಚೀಲದಿಂದ ಒಂದು ಬದನೆಕಾಯಿ ತೆಗೆದು ತೋರಿಸಿ "ನಾ ದಗ್ಗರ ಇದೇ ಉಂದಿ, ಮಿಗತಾದಿ ಆಮೆನಿ ಅಡಗಂಡಿ" ಎಂದರು. ನನ್ನ ಹತ್ತಿರ ಇಷ್ಟೇ ಇದೆ, ಉಳಿದದ್ದು ಅವಳನ್ನು ಕೇಳಿ ಎಂದು. ಪೊಲೀಸ ನಕ್ಕು ಬಿಟ್ಟುಬಿಟ್ಟ. ಇಂಥ ಗಂಡಸಿನ ಮೇಲೆ ಸಿಟ್ಟು ಮಾಡುವುದು ಕಷ್ಟ, ಆದರೂ ಈ ಕತೆಯಲ್ಲಿ ನಾನು ಅವರ ಮೇಲೂ ಸಿಟ್ಟಾಗಿದ್ದೇನೆ.

ಗಾಡಿ ಯಾಕೆ ಬೇಕು ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ನಾನು ಇಲ್ಲಿಯ ಒಂದು ರಕ್ಷಣಾ ಕಾರ್ಖಾನೆಯ ಕೇಬಲ್ ವಿಭಾಗದಲ್ಲಿ ಕೂತು, ಬಣ್ಣಬಣ್ಣದ ವೈರುಗಳನ್ನು ಜಡೆ ಹೆಣೆದಂತೆ ಹೆಣೆದು, ತುದಿಗೆ ಬೆಸುಗೆ ಹಾಕಿ ನಿವೃತ್ತಳಾದವಳು. ಈಗ ಸಂಜೆ ಅಮೀರ್‌ಪೇಟ್‌ನ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತೇನೆ. ಚಂದಾನಗರದ ನಮ್ಮ ಮನೆಗೆ ವಾಪಸಾಗುವಾಗ ಕತ್ತಲಾಗಿರುತ್ತದೆ. ಮೆಟ್ರೋ ಇದೆ, ಗೊತ್ತು. ಮೆಟ್ರೋ ಬಹಳ ಚೆನ್ನಾಗಿದೆ, ತಂಪಾಗಿದೆ, ಅದನ್ನೂ ಬಲ್ಲೆ. ಆದರೆ ಕಾರ್ಖಾನೆಯ ಬಸ್ಸಿಗೆ, ಬಸ್ಸು ತಪ್ಪಿದ ದಿನ ಆಟೋಕ್ಕೆ, ಆಟೋ ಸಿಗದ ದಿನ ಯಾರಾದರೂ ಪರಿಚಯದವರು ಬರಲೆಂದು ಗೇಟಿನ ಮುಂದೆ ಟಿಫಿನ್ ಡಬ್ಬಿ ಹಿಡಿದು ಎಷ್ಟೋ ವರ್ಷ ಕಾದಿದ್ದೇನೆ. ನನಗೆ ಕಾಯುವುದು ಸಾಕಾಗಿದೆ. ನನ್ನ ಹೊತ್ತಿಗೆ ನಾನು ಹೊರಡಬೇಕು, ನನ್ನ ದಾರಿಯಲ್ಲಿ ನಾನು ಬರಬೇಕು. ಗಾಡಿ ಬೇಕಾದದ್ದು ಅದಕ್ಕೆ.

ಹೋದ ಮಳೆಗಾಲದ ಶುರುವಿನಲ್ಲಿ ಆ ಗಾಡಿಯ ಹೆಡ್‌ಲೈಟು ಮಂಕಾಗತೊಡಗಿತು. ಆರಿಹೋಗಿದ್ದರೆ ತಕರಾರಿರಲಿಲ್ಲ, ಬಲ್ಬು ಹೋಗಿದೆ ಎಂದು ಎಲ್ಲರೂ ಒಪ್ಪುತ್ತಿದ್ದರು. ಇದು ಉರಿಯುತ್ತಿತ್ತು, ಆದರೆ ರಸ್ತೆಗೆ ತಲುಪುವಷ್ಟರಲ್ಲಿ ಸುಸ್ತಾಗುತ್ತಿತ್ತು. ಮೊದಲು ಗಾಜು ಕೊಳೆಯಾಗಿರಬೇಕೆಂದು ಒರೆಸಿದೆ.

ಗಾಜು ಒರೆಸುವುದು ನನಗೆ ಹೊಸತಲ್ಲ. ಚಿಕ್ಕವಳಿದ್ದಾಗ ಲಿಂಗಸುಗೂರಿನ ನಮ್ಮ ಮನೆಯಲ್ಲಿ ದಿನಾ ಸಂಜೆ ಲಾಟೀನಿನ ಗಾಜು ಒರೆಸುವ ಕೆಲಸ ನನ್ನದೇ. ಬೂದಿ ಹಾಕಿ, ಹಳೆ ಧೋತರದ ಚೂರು ತುರುಕಿ, ಕೈ ಒಳಗೆ ಬಿಟ್ಟು ತಿರುಗಿಸಬೇಕು. ಹೆಣ್ಣುಮಕ್ಕಳ ಕೈ ಸಣ್ಣದು, ಗಾಜಿನೊಳಗೆ ಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನ್ನ ಅಣ್ಣ ವೀರೇಶ ನನಗಿಂತ ಎರಡೇ ವರ್ಷ ದೊಡ್ಡವನು, ಕಡ್ಡಿಯಂಥ ಹುಡುಗ. ಅವನ ಕೈ ನನ್ನದಕ್ಕಿಂತ ತೆಳ್ಳಗಿತ್ತು. ಅದನ್ನು ಅವ್ವನ ಮುಂದೆ ಅವನ ಕೈ ಹಿಡಿದು ತೋರಿಸಿದ್ದಕ್ಕೆ ನನಗೆ ಎರಡು ಬಿದ್ದವು. ನಾನು ಒರೆಸಿದ ಬೆಳಕಿನಲ್ಲಿ ಅವನು ಓದಿದ, ಅದೂ ಉರು ಹೊಡೆದು, ನಮಗೆಲ್ಲ ಕೇಳುವ ಹಾಗೆ. ಅಪ್ಪನ ಸೈಕಲ್ಲಿಗೆ ಡೈನಮೊ ದೀಪವಿತ್ತು. ತುಳಿದರೆ ಹತ್ತುವುದು, ಏರಿನಲ್ಲಿ ಅಪ್ಪನಿಗೆ ದಮ್ಮು ಹತ್ತಿದರೆ ದೀಪಕ್ಕೂ ದಮ್ಮು ಹತ್ತುವುದು. ಅಣ್ಣನಿಗೆ ಆ ಸೈಕಲ್ಲು ಕಲಿಸುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡುವ ಕೆಲಸವೂ ನನ್ನದಾಯಿತು. ಓಡಿ ಓಡಿ ಯಾವ ತಿರುವಿನಲ್ಲಿ ಅವನು ಎತ್ತ ಬೀಳುತ್ತಾನೆಂದು ನನಗೆ ಗೊತ್ತಾಯಿತು, ಹಾಗಾಗಿ ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ನಳಿಕೆಯ ಕೆಳಗಿನಿಂದ ಕಾಲು ತೂರಿಸಿ ತುಳಿದು ಒಬ್ಬಳೇ ಕಲಿತೆ. ಯಾರೂ ನನ್ನ ಹಿಂದೆ ಓಡಲಿಲ್ಲ. ಒಳ್ಳೆಯದೇ ಆಯಿತು.

ಅದೇ ಅಣ್ಣ ಈಗ ಪಟಾನ್‌ಚೆರುವಿನಲ್ಲಿ ಇದ್ದಾನೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಪ್ಪ ಹೋದ ಮೇಲೆ ನಮ್ಮ ಮನೆತನದಲ್ಲಿ ಕೊನೆಯ ಮಾತು ಅವನದು. ಗಾಜು ಒರೆಸಿಯೂ ಬೆಳಕು ಬರಲಿಲ್ಲವೆಂದು ನಾನು ಗೊಣಗಿದ್ದನ್ನು ಕೇಳಿ, ನಮ್ಮ ಮನೆಗೆ ಬಂದಿದ್ದ ಸಂಜೆಯೊಂದರಲ್ಲಿ ಅಂಗಳಕ್ಕೆ ಇಳಿದು ಗಾಡಿಯ ಮುಂದೆ ನಿಂತ.

"ಶಕ್ಕು, ಲೈಟು ಸರೀನ ಐತಿ. ನಿನ್ನ ಕಣ್ಣು ಮಂಜಾಗ್ಯಾವ. ವಯಸ್ಸಾತವ್ವ, ಇನ್ನ ಸಾಕ ಮಾಡು."

"ನನ್ನ ಕಣ್ಣಿಗೆ ಏನೂ ಆಗಿಲ್ಲಣ್ಣ. ಹೋದ ತಿಂಗಳ ತೋರಿಸಿಕೊಂಡು ಬಂದೀನಿ. ಚಷ್ಮಾದ ನಂಬರ ಸೈತ ಬದಲಾಗಿಲ್ಲ."

"ಡಾಕ್ಟರ್ ಖೋಲ್ಯಾಗ ಕುಂದ್ರಿಸಿ ನೋಡ್ತಾನ. ರಾತ್ರಿ ರೋಡಿನ ಮ್ಯಾಲ ಬಂದು ನೋಡ್ಯಾನೇನು?"

ಇದಕ್ಕೆ ಏನು ಹೇಳುತ್ತೀರಿ? ಮೋಟಾರ್‌ಸೈಕಲ್ಲಿನ ದೀಪ ಮಂಕಾಗಿದೆ ಎಂದು ಗಂಡಸು ಹೇಳಿದರೆ ದೀಪ ನೋಡುತ್ತಾರೆ. ಹೆಂಗಸು ಹೇಳಿದರೆ ಅವಳ ಕಣ್ಣು ನೋಡುತ್ತಾರೆ. ನನಗೆ ತಲೆಗೂದಲಿನ ಬುಡದ ತನಕ ಉರಿಯಿತು.

ಉರಿಯಲ್ಲಿ ಮಾಡಿದ ಕೆಲಸ ಯಾವತ್ತೂ ಸರಿಹೋಗದು. ಯೋಚಿಸದೆ ಹೊಸ ಬಲ್ಬು ತಂದು ಹಾಕಿದೆ. ಅದೂ ಮಂಕೇ. ಇನ್ನೂ ಜೋರಿನ ಬಲ್ಬು ತಂದು ಹಾಕಿದೆ, ಅದು ಇನ್ನೂ ಮಂಕು. ಕಾರ್ಖಾನೆಯಲ್ಲಿ ಹುಡುಗಿಯರು ಹೀಗೆ ಸಿಕ್ಕಿದ್ದನ್ನು ಬದಲಾಯಿಸುತ್ತ ಕೂತರೆ ಬೈಯುತ್ತಿದ್ದವಳು ನಾನೇ. ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಖಾಜಾ ಭಾಯಿಯ ಹತ್ತಿರ ಒಯ್ದೆ. ಅವನು ದೀಪ ಕೂರುವ ಡೂಮಿನ ಮೇಲೆ ಎರಡು ತಟ್ಟಿ, "ಅಮ್ಮಾ, ಪೂರಾ ವೈರಿಂಗ್ ಬದಲ್ನಾ ಪಡ್ತಾ. ನೈ ತೋ ಯೆ ಬಡ್ಡಾ ಎಲ್‌ಇಡಿ ಲಗಾಲೋ, ಸಾಮ್ನೇವಾಲೇಕೋ ಕುಛ್ ಭೀ ನೈ ದಿಖ್ತಾ" ಎಂದ. ವೈರಿಂಗನ್ನೇ ಪೂರ್ತಿ ಬದಲಿಸಬೇಕು, ಇಲ್ಲವೇ ದೊಡ್ಡ ಎಲ್‌ಇಡಿ ಹಾಕಿಸಿಕೊಳ್ಳಿ ಎಂದು. ಎದುರು ಬರುವವನಿಗೆ ಏನೂ ಕಾಣದಂತೆ ಮಾಡುವುದೇ ಒಳ್ಳೆಯ ದೀಪದ ಗುಣವೆಂದು ಈ ಊರಿನಲ್ಲಿ ಅರ್ಧಕ್ಕರ್ಧ ಜನ ನಂಬಿದ್ದಾರೆ. ಬೇಡ ಭಾಯಿ ಎಂದು ಗಾಡಿ ತಿರುಗಿಸಿಕೊಂಡು ಬಂದೆ.

ಮನೆಗೆ ಬಂದರೆ ಇವರು ಫೋನಿನಲ್ಲಿ ಅಣ್ಣನೊಡನೆ ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಎನ್ನುವುದಕ್ಕಿಂತ ಹೂಂಗುಟ್ಟುತ್ತಿದ್ದರು. ಫೋನು ಇಟ್ಟ ಮೇಲೆ ಸುದ್ದಿ ಹೊರಬಿತ್ತು. ಅಣ್ಣ ತನ್ನ ಮನೆಯ ಪಕ್ಕದಲ್ಲೇ ಒಬ್ಬ ಗಿರಾಕಿಯನ್ನು ನೋಡಿದ್ದಾನೆ, ಭಾನುವಾರ ಸಂಜೆ ಬಂದು ಗಾಡಿಯ ಚಾವಿ ಒಯ್ಯುತ್ತಾನೆ.

"ನೀವು ಏನಂದ್ರಿ?"

"ಹೂಂ ಅಂದೆ."

"ಯಾರ ಗಾಡಿಗೆ ಯಾರು ಹೂಂ ಅನ್ನೂದು?"

"ಅದು ಒಪ್ಪಿದ ಹೂಂ ಅಲ್ಲ ಶಕ್ಕು. ಕೇಳಾಕತ್ತೀನಿ ಅಂತ ಹೇಳೂ ಹೂಂ."

"ನಿಮ್ಮ ಹೂಂ ಒಳಗ ಎಷ್ಟ ಜಾತಿ ಅದಾವ್ರಿ?" ಎಂದು ಕೇಳಿ, ಆ ರಾತ್ರಿ ರೊಟ್ಟಿ ಬಡಿಯುವಾಗ ಸ್ವಲ್ಪ ಜೋರಾಗಿಯೇ ಬಡಿದೆ. ಅಣ್ಣನಿಗೆ ಎದುರಾಡಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ, ನನಗೂ ಇರಲಿಲ್ಲ. ಆದರೆ ಈ ಗಾಡಿ ಹೋದರೆ ಅಮೀರ್‌ಪೇಟ್‌ನ ಪಾಠವೂ ಒಂದು ತಿಂಗಳಲ್ಲಿ ಹೋಗುತ್ತದೆ, ಆಮೇಲೆ ಉಳಿಯುವುದು ಬಾಲ್ಕನಿ ಮತ್ತು ಮೊಣಕಾಲು ನೋವಿನ ಎಣ್ಣೆ. ಕೊಡುವುದಿಲ್ಲ ಎಂದು ಗಟ್ಟಿ ಮಾಡಿದೆ.

ಶನಿವಾರ ಮಧ್ಯಾಹ್ನ ಗಾಡಿಯ ಮುಂದೆ ಮಣೆ ಹಾಕಿಕೊಂಡು ಕೂತೆ. ಇವರು ಟಾರ್ಚು ಹಿಡಿದು ನಿಂತರು. ಸಿಟ್ಟನ್ನು ಪಕ್ಕಕ್ಕಿಟ್ಟು, ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆ ಮೊದಲು ಸುಮ್ಮನೆ ನೋಡಿದೆ. ದೀಪ ಹಚ್ಚಿದೆ. ಎಡಗಡೆಯ ಇಂಡಿಕೇಟರ್ ಹಾಕಿದೆ. ಇಂಡಿಕೇಟರ್ ಹತ್ತಿ ಆರುವ ತಾಳಕ್ಕೆ ಸರಿಯಾಗಿ ಹೆಡ್‌ಲೈಟೂ ಕುಗ್ಗಿ ಹಿಗ್ಗುತ್ತಿತ್ತು. ಹಾರ್ನ್ ಒತ್ತಿದರೆ ಇನ್ನಷ್ಟು ಕುಗ್ಗಿತು.

"ಕಂಡ್ರಿ?" ಎಂದೆ.

"ಕಂಡೆ. ಏನು ಕಂಡೆ ಅಂತ ನೀನ ಹೇಳು."

ಬ್ಯಾಟರಿಯಿಂದ ದೀಪಕ್ಕೆ ಕರೆಂಟು ಹೋಗುವ ದಾರಿಯನ್ನು ಎಲ್ಲರೂ ಹುಡುಕುತ್ತಾರೆ. ಅದು ವಾಪಸು ಬರುವ ದಾರಿಯೂ ಒಂದಿದೆ, ಅದಕ್ಕೆ ಅರ್ತು ಎನ್ನುತ್ತಾರೆ. ಆ ದಾರಿ ಕೆಟ್ಟರೆ ದೀಪ, ಇಂಡಿಕೇಟರ್, ಹಾರ್ನ್ ಎಲ್ಲ ಒಂದೇ ಸಣ್ಣ ಬಾಗಿಲಿನಲ್ಲಿ ತಳ್ಳಾಡುತ್ತವೆ, ಒಂದು ನುಗ್ಗಿದರೆ ಇನ್ನೊಂದು ನಿಲ್ಲುತ್ತದೆ. ಜೋರಿನ ಬಲ್ಬು ಹಾಕಿದಷ್ಟೂ ನೂಕುನುಗ್ಗಲು ಹೆಚ್ಚು. ಒಳಗೆ ಹೋಗಿ, ಹುಡುಗಿಯರಿಗೆ ಪಾಠ ಹೇಳುವ ಚೀಲದಿಂದ ಆ ಕಪ್ಪು ವೈರು ತಂದೆ. ಒಂದು ತುದಿಯನ್ನು ಬಲ್ಬಿನ ಅರ್ತಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ನೇರ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದೆ.

ಕಾಂಪೌಂಡು ಗೋಡೆ ಬೆಳ್ಳಗಾಯಿತು. ಹಗಲಿನಲ್ಲೂ ಕಣ್ಣಿಗೆ ಹೊಡೆಯುವ ಬೆಳಕು. ವೈರು ತೆಗೆದರೆ ಹಳದಿ ಮಂಕು, ಮುಟ್ಟಿಸಿದರೆ ಬಿಳಿ. ಅದನ್ನು ತೆಗೆಯುತ್ತ ಮುಟ್ಟಿಸುತ್ತ ನಾನು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ ಎಂಬುದಕ್ಕೆ ಸಾಕ್ಷಿ ಗೋಡೆಯ ಮೇಲೆಯೇ ಇತ್ತು, ನನಗೆ ಅದನ್ನು ನೋಡಿ ಮುಗಿಯಲೊಲ್ಲದು.

ಇನ್ನು ಕೆಟ್ಟ ಜಾಗ ಎಲ್ಲಿ ಎಂದು ಅರ್ತಿನ ವೈರು ಹಿಡಿದುಕೊಂಡು ಹೋದೆ. ಅದು ಡೂಮಿನ ಪಕ್ಕದ ಬೋಲ್ಟಿನ ಕೆಳಗೆ ಉಂಗುರದಂಥ ತುದಿಯಲ್ಲಿ ಮುಗಿಯುತ್ತದೆ. ಬೋಲ್ಟು ಅಲ್ಲಿತ್ತು, ಆದರೆ ಅದರ ಮೇಲೆ ಒಣಗಿ ಕಪ್ಪಾದ ಒಂದು ನಿಂಬೆಹಣ್ಣೂ ಇತ್ತು, ಜೊತೆಗೆ ಮೆಣಸಿನಕಾಯಿ ಮತ್ತು ಇದ್ದಿಲ ಚೂರು.

ಅದು ನಮ್ಮ ಮನೆಯವರ ಖಾತೆ. ಹೆಂಡತಿ ಗಾಡಿ ಓಡಿಸುತ್ತಾಳೆ, ಊರೆಲ್ಲ ನೋಡುತ್ತದೆ, ದೃಷ್ಟಿಯಾಗದೆ ಇರುತ್ತದೆಯೇ? ಪ್ರತಿ ಅಮಾವಾಸ್ಯೆಗೆ ಹೊಸ ನಿಂಬೆಹಣ್ಣು ಪೋಣಿಸಿ ಕಟ್ಟುತ್ತಾರೆ. ನಾನು ಅತ್ತ ನೋಡುವುದೂ ಇಲ್ಲ. ಬೇರೆಯವರು ಹ್ಯಾಂಡಲ್ಲಿಗೆ ದಾರದಲ್ಲಿ ಇಳಿಬಿಡುತ್ತಾರೆ. ಇವರು ಜೀವನವಿಡೀ ಕಾರ್ಖಾನೆಯ ಸ್ಟೋರಿನಲ್ಲಿ ಇದ್ದವರು, ಸಾಮಾನು ಅಲುಗಾಡಿದರೆ ಸೇರದು. ಹಾಗಾಗಿ ಕಬ್ಬಿಣದ ತಂತಿಗೆ ಪೋಣಿಸಿ, ಪಾನಾ ಹಾಕಿ ಬೋಲ್ಟು ಸಡಿಲಿಸಿ, ಆ ತಂತಿಯನ್ನು ಉಂಗುರದ ಅಡಿಗೇ ತುರುಕಿ, ನಿಂಬೆಹಣ್ಣು ಬೋಲ್ಟಿಗೆ ಒತ್ತಿ ಕೂರುವಂತೆ ಬಿಗಿದಿದ್ದಾರೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹಣ್ಣು ಕೊಳೆತು, ರಸ ಸೋರಿ, ಮಳೆ ಬಿದ್ದು, ತಾಮ್ರದ ಉಂಗುರದ ತುಂಬ ಹಸಿರು ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಚ್ಚಿದ ತಾಮ್ರದ ಬಿಂದಿಗೆಯನ್ನು ತೊಳೆಯದೆ ಬಿಟ್ಟರೆ ಬರುತ್ತದಲ್ಲ, ಅದೇ. ಬೆಸುಗೆ ಹಾಕುವ ಮೊದಲು ತುದಿಗೆ ಬೆರಳು ಮುಟ್ಟಿಸಿದರೂ ಹುಡುಗಿಯರ ಮೇಲೆ ರೇಗುವ ನಾನು, ನನ್ನದೇ ಗಾಡಿಯ ಅರ್ತಿಗೆ ಉಪ್ಪಿನಕಾಯಿ ಹಾಕಿ ಇಟ್ಟದ್ದನ್ನು ನೋಡದೆ ತಿರುಗಿದ್ದೆ.

ಇವರ ಮುಖ ನೋಡಿದೆ. ಟಾರ್ಚು ನೆಲದ ಕಡೆ ಇಳಿದಿತ್ತು.

"ನಿನಗ ಏನೂ ಆಗಬಾರದು ಅಂತ ಕಟ್ಟಿದ್ದೆ" ಎಂದರು.

ಬೈಯಲು ಬಾಯಿ ತೆರೆದವಳು ಮುಚ್ಚಿದೆ. "ಇನ್ನ ಮ್ಯಾಲ ಹಿಂದಿನ ನಂಬರ್ ಪ್ಲೇಟಿಗೆ ಕಟ್ರಿ" ಎಂದೆ. ಕಿಲುಬು ಉಜ್ಜಿ ತೆಗೆದು, ಹೊಸ ಉಂಗುರ ಬೆಸೆದು, ಬೋಲ್ಟು ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದೆ. ಜೋರಿನ ಬಲ್ಬು ತೆಗೆದು ಮೊದಲಿನದ್ದನ್ನೇ ಹಾಕಿದೆ. ಬೆಳಕು ಗಾಡಿ ಕೊಂಡ ದಿನ ಇದ್ದಷ್ಟೇ ಬಂತು.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅಣ್ಣ ಆಟೋದಿಂದ ಇಳಿದ; ಅವನು ಕಾರು ಓಡಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಚಹ ಕುಡಿದು ಚಾವಿ ಎಂದು ಕೈ ಚಾಚಿದ. ನಾನು ಅಂಗಳಕ್ಕೆ ಕರೆದೊಯ್ದು ದೀಪ ಹಚ್ಚಿ ತೋರಿಸಿದೆ, ಹಳೆಯ ಉಂಗುರವನ್ನೂ ತೋರಿಸಿದೆ. ಅದನ್ನು ಬೆರಳಿನಲ್ಲಿ ತಿರುವಿ ನೋಡಿ ಹಿಂದಕ್ಕೆ ಕೊಟ್ಟ.

"ಲೈಟು ಸರಿ ಮಾಡಿದಿ, ಖರೆ. ಕಣ್ಣು ಹೆಂಗ ಸರಿ ಮಾಡ್ತಿ?"

ಆ ಕ್ಷಣ ನನ್ನೊಳಗೆ ಇಷ್ಟು ವರ್ಷ ಅಣ್ಣ ಎಂದು ತಗ್ಗಿ ನಡೆದದ್ದೆಲ್ಲ ಒಮ್ಮೆಲೇ ತಲೆಯೆತ್ತಿತು. "ನಿನ್ನ ಗಿರಾಕಿ ನಿಮ್ಮನಿ ಹತ್ರ ಇದ್ದಾನಲ್ಲ? ನಡಿ, ನಾನ ಹೊಡಕೊಂಡು ಬರ್ತೀನಿ, ನೀ ಹಿಂದ ಕುಂದ್ರು. ದಾರ್ಯಾಗ ಒಂದ ಕಡಿಗಾದ್ರೂ ನನಗ ಕಾಣಲಿಲ್ಲ ಅಂತ ನಿನಗ ಅನಿಸಿದ್ರ ಚಾವಿ ಅವನ ಕೈಯಾಗ ಕೊಟ್ಟು ಬಸ್ಸಿಗೆ ಬರ್ತೀನಿ. ಅನಿಸಲಿಲ್ಲ ಅಂದ್ರ ಈ ಮಾತು ಇನ್ನೊಮ್ಮೆ ಎತ್ತಬಾರದು."

ಇವರು ಬಾಗಿಲಲ್ಲಿ ನಿಂತು ಹೂಂ ಎಂದರು. ಈ ಸಲ ಯಾವ ಜಾತಿಯದೆಂದು ಕೇಳಬೇಕಾಗಿರಲಿಲ್ಲ. ಅಣ್ಣ ಇವರ ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಕೂತ. ನನ್ನ ಅಣ್ಣ ನನ್ನ ಹಿಂದೆ ಕೂತದ್ದು ಅದೇ ಮೊದಲು.

ಪಟಾನ್‌ಚೆರುವಿಗೆ ಹೋಗುವ ಬಾಂಬೆ ರೋಡಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಎದುರಿನಿಂದ ಲಾರಿಗಳ ಸಾಲು. ನಾನು ಬೇಕೆಂದೇ ನಿಧಾನವಾಗಿ, ಪರೀಕ್ಷೆಗೆ ಕೂತವಳಂತೆ ಓಡಿಸಿದೆ. ಅಣ್ಣನ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ನನ್ನ ಮೇಲೆ ನಂಬಿಕೆಯಿಲ್ಲದ ಹಿಡಿತ ಎಂದುಕೊಂಡು ಇನ್ನೂ ಸಿಟ್ಟಾದೆ. ರಾಮಚಂದ್ರಾಪುರಂ ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಇಟ್ಟಿಗೆ ತುಂಬಿದ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಹಿಂದೆ ದೀಪವಿಲ್ಲ, ಒಂದು ಗಿಡದ ಟೊಂಗೆ ಸಹ ಸಿಕ್ಕಿಸಿರಲಿಲ್ಲ. ನನ್ನ ಬೆಳಕು ಅದರ ಮೇಲೆ ಬಿದ್ದು ಇಟ್ಟಿಗೆಗಳ ಸಾಲು ಸ್ಪಷ್ಟವಾಗಿ ಕಂಡಿತು. ಬಲಕ್ಕೆ ಲಾರಿಗಳು ಹೋಗುತ್ತಿದ್ದವು. ಅವು ದಾಟಲಿ ಎಂದು ಟ್ರ್ಯಾಕ್ಟರಿನ ಹಿಂದೆ ಗಾಡಿ ನಿಲ್ಲಿಸಿದೆ.

"ಯಾಕ ನಿಂದ್ರಿಸಿದಿ?" ಎಂದ ಅಣ್ಣ. "ರೋಡ ಖಾಲೀನ ಐತಲ್ಲ, ಮುಂದ ಹೋಗು."

ಮೊದಲು ತಮಾಷೆ ಎಂದುಕೊಂಡೆ. ಅಣ್ಣ ತಮಾಷೆ ಮಾಡುವ ಪೈಕಿಯವನಲ್ಲ.

"ಅಣ್ಣಾ, ಮುಂದ ಏನು ಕಾಣ್ತೈತಿ ನಿನಗ?"

ಹೆಗಲ ಮೇಲಿನ ಕೈ ಸಡಿಲಾಯಿತು. ನಾನು ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ಚಹದ ಬಂಡಿಯೊಂದರ ಪಕ್ಕ ನಿಲ್ಲಿಸಿದೆ. ಅಣ್ಣ ಇಳಿದು ಹೆಲ್ಮೆಟ್ಟು ತೆಗೆದ.

"ಎದುರಿಗೆ ಬರೂ ದೀಪ ಎಲ್ಲಾ ಒಡದು ಹರಡಿದಂಗ ಕಾಣ್ತಾವ. ನಡುವ ಏನೈತಿ ಅಂತ ತಿಳಿಯೂದಿಲ್ಲ" ಎಂದ. "ಭಾಳ ದಿನ ಆತು."

"ಅದಕ್ಕ ಕಾರು ಹೊಡಿಯೂದು ಬಿಟ್ಟಿಯೇನು? ಟ್ರಾಫಿಕ್ಕಿಗೆ ಬ್ಯಾಸರಾಗೈತಿ ಅಂದಿದ್ದಿ."

"ಹೂಂ."

"ಮನ್ಯಾಗ ಗೊತ್ತೈತೇನು?"

"ಇಲ್ಲ. ಅಂಜಿಕಿ. ಕಣ್ಣಿಗೆ ಕತ್ತರಿ ಹಾಕ್ತಾರ ಅಂತ." ಹೆಲ್ಮೆಟ್ಟನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ, "ನನಗ ಕಾಣವಲ್ದು, ನಿನಗೂ ಹಿಂಗ ಆಗಿರ್ತೈತಿ, ಹಠಕ್ಕ ಬಿದ್ದು ಹೇಳವಲ್ಲಿ ಅಂದುಕೊಂಡಿದ್ದೆ. ನೀ ಅಮೀರ್‌ಪೇಟಿಂದ ಮನಿ ಮುಟ್ಟಿದಿ ಅಂತ ಬಸವರಾಜನ ಫೋನ್ ಬರೂ ತನಕ ನನಗ ಊಟ ಇಳೀತಿರಲಿಲ್ಲ."

ದಿನಾ ರಾತ್ರಿ ಇವರು ಅಣ್ಣನಿಗೆ ಫೋನು ಮಾಡುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ನನಗೆ ಬಹಳ ಸಿಟ್ಟು ಬಂತು. ಎಲ್ಲರೂ ಸೇರಿ ನನ್ನನ್ನು ಕಾಯುತ್ತಿದ್ದಾರೆ, ಕೇಳಬೇಕಾದ ಒಂದು ಮಾತು ಮಾತ್ರ ಯಾರೂ ಕೇಳಿಲ್ಲ. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಚಹದ ಬಂಡಿಯವನಿಗೆ ಕೇಳುವಂತೆ ಅಣ್ಣನನ್ನು ಬೈದೆ. ಬೈಯುತ್ತ ಅಳು ಬಂತು, ಅಳುತ್ತಲೇ ಇನ್ನಷ್ಟು ಬೈದೆ. ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗಿರಾಕಿ. ಅಣ್ಣ ಫೋನನ್ನು ಮುಖಕ್ಕೆ ಹತ್ತಿರ ಹಿಡಿದು, ಹೆಸರು ಕಾಣದೆ, ನನ್ನ ಕಡೆ ಚಾಚಿದ.

"ನಿನ್ನ ಗಿರಾಕಿ ಅದಾನ. ನಾ ಮಾತಾಡೂದಿಲ್ಲ. ನೀನ ಹೇಳು" ಎಂದೆ.

ಅವನು ಕಿವಿಗಿಟ್ಟುಕೊಂಡ. "ಗಾಡಿ ಕೊಡೂದಿಲ್ಲಪ. ನಮ್ಮ ತಂಗಿ ಹೊಡೀತಾಳ" ಎಂದು ಇಟ್ಟುಬಿಟ್ಟ.

"ನಾಳೆ ಮುಂಜಾನೆ ತಯಾರಾಗಿರು" ಎಂದೆ ನಾನು. "ಕಣ್ಣಿನ ದವಾಖಾನಿಗೆ ಹೋಗೂದೈತಿ. ಅಂಜಿಕಿ ಬಂದ್ರ ನನ್ನ ಕೈ ಹಿಡಕೋ."

"ಆಟೋದಾಗ ಬರ್ತೀನಿ ಬಿಡವ್ವ."

"ಆಟೋ ಗೀಟೋ ಇಲ್ಲ. ಇದರಾಗ. ಹತ್ತು."

ಅಣ್ಣ ಹತ್ತಿ ಕೂತ. ನಾನು ಟ್ರ್ಯಾಕ್ಟರನ್ನು ಸುತ್ತುಹಾಕಿ ಗಾಡಿಯನ್ನು ರಸ್ತೆಗೆ ತಂದೆ. ಹಿಂದಿನಿಂದ ಸಣ್ಣ ದನಿಯಲ್ಲಿ "ಮುಂದ ಏನೈತಿ ಅಂತ ಹೇಳಕೋತ ಹೋಗ್ತೀಯೇನು?" ಎಂದ. ಬಸ್ಸು ಐತಿ, ಎಮ್ಮಿ ದಾಟಾಕತ್ತೈತಿ, ಹೆಣ್ಣುಮಗಳೊಬ್ಬಾಕಿ ಕೂಸು ಎತ್ತಿಕೊಂಡು ನಿಂತಾಳ ಎಂದು, ಅವನ ಮನೆ ಬರುವ ತನಕ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಓಡಿಸಿದೆ.